ಬಸುಟೊ ಬೆಟ್ಟದ ಬಂದೂಕು

ಆಫ್ರಿಕದ ದಕ್ಷಿಣದ ಬೆಟ್ಟಗಳಲ್ಲಿ, ಆಜ್ಞೆಯಾದರೂ ಬಂದೂಕು ಒಪ್ಪಿಸದ ಬಸುಟೊ ಜನರ ಹಳ್ಳಿಗೆ ಬಿಳಿಯರ ಪಡೆ ಬೆಂಕಿಯಿಟ್ಟಿತ್ತು. ಅವರ ಸಾರ್ಜೆಂಟ್ ಗುಂಡೇಟಿಗೆ ಸತ್ತುಬಿದ್ದಿದ್ದ.

“ಹೊಡೆದವನು ಮುಂದೆ ಬರದಿದ್ದರೆ ಎಲ್ಲರಿಗೂ ಗುಂಡಿಕ್ಕುತ್ತೇನೆ,” ಎಂದ ಕ್ಯಾಪ್ಟನ್, ಸೆರೆಹಿಡಿದು ನಿಲ್ಲಿಸಿದ್ದ ಹಳ್ಳಿಗರಿಗೆ.

ಮಾಲೆಫಾ ಬಾಯಿ ತೆರೆಯುವಷ್ಟರಲ್ಲಿ ಅವಳ ಮುದಿ ಗಂಡ ತಡಕಾಡುತ್ತ ಮುಂದೆ ಬಂದ. “ನಾನೇ ಹೊಡೆದದ್ದು.”

ಅವಳು ಅವನನ್ನು ಹಿಂದಕ್ಕೆಳೆದಳು. “ಸುಳ್ಳು! ಅವರಿಗೆ ಈಗ ಕಣ್ಣೇ ಕಾಣ್ಸೋದಿಲ್ಲ. ಹೊಡೆದವಳು ನಾನು.”

ಸೈನಿಕರು ಗೊಳ್ಳೆಂದು ನಕ್ಕರು. ಕ್ಯಾಪ್ಟನ್ ಒಂದೇ ಗುಂಡು ತುಂಬಿದ ಬಂದೂಕನ್ನು ಅವಳ ಕೈಗೆ ಕೊಟ್ಟು, ದೂರದ ಗೋಡೆಯ ಮೇಲಿದ್ದ ಮಡಕೆಯನ್ನು ತೋರಿಸಿದ.

“ಬೇಡ ಕಣೇ, ಗುರಿ ತಪ್ಪಿಸು,” ಎಂದು ಗಂಡ ಅಂಗಲಾಚಿದ.

ಮಡಕೆ ಚೂರುಚೂರಾಯಿತು.

“ಈಗಲಾದ್ರೂ ಅವರನ್ನ ಬಿಡಿ,” ಎಂದಳು.

ಸೈನಿಕರು ಅವಳನ್ನು ಎಳೆದೊಯ್ದು ಗುಂಡಿಕ್ಕಲು ಗೋಡೆಗೆ ಒರಗಿಸಿ ನಿಲ್ಲಿಸಿದರು. ಮುದುಕನಿಗೆ “ನೀನು ಹೋಗು” ಎಂದ ಕ್ಯಾಪ್ಟನ್ ಅವಳತ್ತ ತಿರುಗಿದ. “ಇದನ್ನು ನಿನಗೆ ಕಲಿಸಿದವನು ಯಾರು?”

“ನಾನು,” ಎನ್ನುತ್ತ ಮುದುಕ ಗೋಡೆ ತಡವಿಕೊಂಡು ಬಂದು ಅವಳ ಪಕ್ಕದಲ್ಲಿ ನಿಂತ.