ಇಬ್ಬರ ಸಕ್ಕರೆ

ಗಂಡನನ್ನು ಬಿಟ್ಟು ಬಂದು ನಾಲ್ಕು ವರ್ಷವಾಗಿದ್ದರೂ ಕಸ್ತೂರಿಯ ರಕ್ತದ ಸಕ್ಕರೆ ಅವನದರ ಜೊತೆಗೇ ಏರುತ್ತಿತ್ತು, ಇಳಿಯುತ್ತಿತ್ತು. ಮದುವೆಯಾದವರೆಲ್ಲರ ಹಣೆಬರಹವೂ ಅದೇ. ಒಬ್ಬರ ಮೈಯ ಸಕ್ಕರೆ ಇಬ್ಬರಿಗೂ.

ಹುಬ್ಬಳ್ಳಿಯ ಲ್ಯಾಬಿನ ಹುಡುಗಿ ರಿಪೋರ್ಟ್ ಕೊಟ್ಟಳು. “ಖಾಲಿ ಹೊಟ್ಟೀದು ನೂರಾ ಇಪ್ಪತ್ನಾಕು ಬಂದೈತ್ರಿ. ನೂರರ ಒಳಗ ಇರಬೇಕು. ನೂರಾ ಇಪ್ಪತ್ತಾರಕ್ಕ ಸಕ್ಕರಿ ಬ್ಯಾನಿ ಅಂತಾರ. ನೀವು ಅಂಚಿಗೆ ನಿಂತೀರಿ.”

ಕಸ್ತೂರಿಯ ಅಪ್ಪ, ಅವ್ವ ಇದೇ ಬೇನೆಯಿಂದ ಒಂದೇ ವರ್ಷದಲ್ಲಿ ಕಣ್ಣು ಕಳೆದುಕೊಂಡಿದ್ದರು. ತಾನಂತೂ ಸಿಹಿ ಮುಟ್ಟಿಲ್ಲ. ಹಾಗಾದರೆ ಗದಗದಲ್ಲಿ ಕೂತು ತಿನ್ನುತ್ತಿರುವವನು ಮಹಾಂತೇಶನೇ. ಸಿಟ್ಟು ನೆತ್ತಿಗೇರಿ, ಬಿಟ್ಟುಬಂದ ಮೇಲೆ ಮೊದಲ ಸಲ ಗಂಡನಿಗೆ ಫೋನ್ ಮಾಡಿದಳು.

“ಏನ್ ತಿನ್ನಾಕತ್ತೀರಿ? ನನ್ನ ಕಣ್ಣ ಹೋಗಬೇಕೇನು?”

“ಹೋದ ವಾರ ನಾನೂ ಟೆಸ್ಟ್ ಮಾಡಿಸೀನಿ. ನೀನ ತಿನ್ನಾಕತ್ತೀ ಅನಕೊಂಡು, ನಾ ಚಹಾಕ್ಕೂ ಸಕ್ಕರಿ ಬಿಟ್ಟೀನಿ.”

“ಮತ್ತ ಫೋನ್ ಯಾಕ ಮಾಡಲಿಲ್ಲ?”

“ನೀ ಎತ್ತೂದಿಲ್ಲ ಅಂತ.”

ಪಕ್ಕದಲ್ಲೇ ಇದ್ದ ಲ್ಯಾಬಿನ ಹುಡುಗಿ ಮೆಲ್ಲಗೆ ಹೇಳಿದಳು: “ತಿಂದ್ರಷ್ಟ ಬರೂದಲ್ರಿ ಅಕ್ಕಾರ, ಮನೆತನದಿಂದಾನೂ ಬರ್ತೈತಿ. ಇಬ್ಬರೂ ದಿನಾ ನಡದ್ರ ಇಳೀಬಹುದು.”

ಕಸ್ತೂರಿಯ ಸಿಟ್ಟು ಇಳಿಯಿತು. ತನ್ನ ಮನೆತನದ ಬೇನೆ ಅವನ ಮೈಗೂ ಹೋಗುತ್ತಿದೆ.

“ನಾವಿಬ್ಬರೂ ನಡೀಬೇಕಂತ್ರಿ,” ಎಂದಳು ಗಂಡನಿಗೆ.

“ಯಾವಾಗಿಂದ?”

“ಈಗಿಂದ. ಫೋನ್ ಇಡಬ್ಯಾಡ್ರಿ.”

ಅವಳು ಎದ್ದು ಲ್ಯಾಬಿನ ಮೆಟ್ಟಿಲಿಳಿದಳು. ಅತ್ತ ಕಡೆ ಬಾಗಿಲ ಚಿಲಕ ತೆಗೆದ ಸದ್ದು ಕೇಳಿಸಿತು.