ಚಂದ್ರಲೋಕದ ಮನವಿಗೆ ಅಜ್ಜನ ಸಹಿ

ಕಾರ್ಬನ್ ಕಾಗದದ ವಾಸನೆ ಇಂದಿಗೂ ನನ್ನನ್ನು ಖಾನಾಪುರದ ನಮ್ಮ ಪಡಸಾಲೆಗೆ ಒಯ್ಯುತ್ತದೆ ಎಂದು ಈ ಮೂಲಕ ನಿವೇದಿಸಿಕೊಳ್ಳುತ್ತೇನೆ.

ನಮ್ಮ ದೇಶದವರೊಬ್ಬರು ಬಾಹ್ಯಾಕಾಶಕ್ಕೆ ಹೋಗಿಬಂದ ವರ್ಷವದು. ಬೆಳಗಾವಿಯಲ್ಲಿ ಶಿಕ್ಷಕಿಯಾಗಿದ್ದ ಸೋದರತ್ತೆಯವರು, ಚಂದ್ರನ ಮೇಲೆ ಮನುಷ್ಯರ ವಸತಿ ಆಗತಕ್ಕದ್ದೆಂದು ಸರಕಾರಕ್ಕೆ ಕಾರ್ಬನ್ ಹಾಳೆಯಿಟ್ಟು ಮನವಿ ಬರೆದು, ರವಿವಾರ ಪೇಟೆಯಲ್ಲೆಲ್ಲ ಸಹಿ ಕೂಡಿಸಿದ್ದರು. "ಅಲ್ಲಿ ಸಾಲಿ ಕನ್ನಡದ್ದೋ, ಮರಾಠಿದೋ, ಬಾಯಾರ?" ಎಂದು ಬೆಲ್ಲದ ವ್ಯಾಪಾರಿ ಚೇಷ್ಟೆ ಮಾಡಿದ್ದನಂತೆ. ಆದರೆ ಅಜ್ಜನ ಸಹಿಯಿಲ್ಲದೆ ಕಳಿಸಲು ಅತ್ತೆಗೆ ಮನಸ್ಸಿರಲಿಲ್ಲ; ಅದಕ್ಕೇ ಖಾನಾಪುರಕ್ಕೆ ಬಂದಿದ್ದರು.

ಟಪಾಲಿನ ಹೊತ್ತಾಗಿತ್ತು. ಅತ್ತೆ ಅತ್ತಿಂದಿತ್ತ ತಿರುಗುತ್ತಿದ್ದರು. ನನಗೂ ಕುಳಿತಲ್ಲಿ ಕೂರಲಾಗಲಿಲ್ಲ. ಮಾಮಲೇದಾರ ಕಚೇರಿಯಿಂದ ನಿವೃತ್ತರಾಗಿದ್ದ ಅಜ್ಜ ಸಾವಕಾಶ ಓದಿದರು.

"ಹೋಗಾಕ ನಾನೂ ತಯಾರ ಅಂತ ಬರದೀಯಲ್ಲ, ಖರೇ ಹೊಕ್ಕೀಯೇನ?"

"ಕಳಿಸಿದ್ರ ನಾಳೆನ ಹೊಕ್ಕೀನ್ರಿ, ಅಪ್ಪಾ."

ಅಜ್ಜ ಸಹಿ ಹಾಕಿ, ಅದರ ಮೇಲ್ಗಡೆ ಒಂದು ಷರತ್ತು ಬರೆದರು: 'ಹೋದವರನ್ನು ಸುರಕ್ಷಿತವಾಗಿ ಮರಳಿ ತರತಕ್ಕದ್ದು.'

"ವಸತಿ ಅಂದ್ರ ಅಲ್ಲೇ ಇರೂದ್ರಿ ಅಪ್ಪಾ," ಎಂದು ಅತ್ತೆ ಆ ಸಾಲನ್ನು ಹೊಡೆದುಹಾಕಿದರು.

ಹೊಡೆದ ಸಾಲಿನ ಬಾಜು, ಒಪ್ಪಿಗೆಯ ಗುರುತಾಗಿ, ಬರೆದವರ ಕಿರುಸಹಿ ಇರಬೇಕೆಂದು ಮನೆಯವರಿಗೆಲ್ಲ ಕಲಿಸಿದವರೇ ಅಜ್ಜ. ಬಹಳ ಹೊತ್ತು ಪೆನ್ನು ಹಿಡಿದು ಕುಳಿತು, ಕೊನೆಗೆ ಕಿರುಸಹಿ ಹಾಕಿದರು. ಕಾಗದವನ್ನು ಮಾತ್ರ, ಎದುರಿಗೇ ಕೈಚಾಚಿ ನಿಂತಿದ್ದ ಅತ್ತೆಗೆ ಕೊಡದೆ, ನನ್ನ ಕೈಗೆ ಕೊಟ್ಟರು.