ಉದಾಹರಣೆ ಸಹಿತ ವಿವರಿಸಿ

"ಬಂದ್ಯಾಮ್ಮ? ಕೂತ್ಕೋ. ಮೊದಲು ಇದು ಹೇಳು, ಈ ಇನ್‌ಕಂಬೆಂಟ್ ಅನ್ನೋದು ಬೈಗುಳಾನಾ?"

ಬಾಗಿಲಲ್ಲಿ ನಿಂತಿದ್ದ ಯುವತಿ ತಬ್ಬಿಬ್ಬಾದಳು. "ಸಾರ್, ಸ್ವಲ್ಪ ಬೇಗ್ನೇ ಬಂದ್ಬಿಟ್ಟೆ. ನಾನು ಯಾಮಿನಿ, ಇಂಗ್ಲಿಷ್..."

"ಗೊತ್ತಮ್ಮ, ಗೊತ್ತು. ನಿನ್ನೇ ಕಾಯ್ತಿದ್ದೆ."

ಚೆನ್ನರಾಯಪ್ಪನವರ ಆತುರಕ್ಕೆ ಕಾರಣವಿತ್ತು. ಚಿಂತಾಮಣಿ ಕಡೆಯ ಒಂದು ಪಟ್ಟಣ ಪಂಚಾಯಿತಿಯ ಅಧ್ಯಕ್ಷರಾದ ಅವರ ಕಣ್ಣು ಈಗ ವಿಧಾನಸಭೆಯ ಟಿಕೆಟ್ಟಿನ ಮೇಲೆ. ಟಿಕೆಟ್ ಕೊಡುವವರು ದೆಹಲಿಯಲ್ಲಿದ್ದಾರೆ. ಓದುವುದು ಇಂಗ್ಲಿಷ್ ಪತ್ರಿಕೆ. ಅಂಥದೊಂದು ಪತ್ರಿಕೆಯವರು ಅಂದು ಮಧ್ಯಾಹ್ನ ಸಂದರ್ಶನಕ್ಕೆ ಬರುವವರಿದ್ದರು. ಹಿಂದೊಮ್ಮೆ ಅದೇ ಪತ್ರಿಕೆ ತಮ್ಮನ್ನು 'ಇನ್‌ಕಂಬೆಂಟ್' ಎಂದು ಕರೆದಾಗ, ಮಾನನಷ್ಟ ಮೊಕದ್ದಮೆ ಹೂಡಲು ಹೋಗಿ ವಕೀಲರ ಮುಂದೆ ನಗೆಪಾಟಲಾಗಿದ್ದರು. ಅರ್ಥವನ್ನು ಮಾತ್ರ ವಕೀಲರೂ ಹೇಳಿರಲಿಲ್ಲ. ಹಾಗಾಗಿ, ಬೆಳಿಗ್ಗೆಯೇ ಇಂಗ್ಲಿಷ್ ಹೇಳಿಕೊಡುವವರನ್ನು ಕಳಿಸುತ್ತೇನೆಂದು ಅಕ್ಕನ ಮಗ ಮೋಹನ್‌ಬಾಬು ಮಾತು ಕೊಟ್ಟಿದ್ದ.

"ಬೈಗುಳ ಅಲ್ಲ ಸಾರ್. ಈಗ ಅಧಿಕಾರದಲ್ಲಿ ಇರೋರು ಅಂತ." ಯಾಮಿನಿ ಫೋನನ್ನು ಮೇಜಿನ ಮೇಲಿಟ್ಟಳು. "ರೆಕಾರ್ಡ್ ಮಾಡ್ಕೊಳ್ಳಲಾ?"

"ಮಾಡ್ಕೊಳ್ಳಮ್ಮ. ನನಗೂ ಕಳ್ಸು, ಬಾಯಿಪಾಠ ಮಾಡ್ತೀನಿ. ಅದೇನೋ ಜೆರ್ರಿಮ್ಯಾಂಡರಿಂಗ್ ಅಂತಾರಲ್ಲ? ತೆಲುಗಲ್ಲಿ ಜೆರ್ರಿ ಅಂದ್ರೆ ಜರಿಹುಳ. ಎಲೆಕ್ಷನ್ನಲ್ಲಿ ಅದಕ್ಕೇನು ಕೆಲಸ?"

"ಗೆಲ್ಲೋಕೆ ಅನುಕೂಲ ಆಗೋ ಹಾಗೆ ವಾರ್ಡಿನ ಗಡಿ ತಿರುಚೋದು ಸಾರ್."

"ಅಯ್ಯೋ, ಅದಾ! ನನ್ನ ವಾರ್ಡು ಜರಿಹುಳದ ಥರಾನೇ ಇದೆ ಕಣಮ್ಮ. ನಮ್ಮೋರ ಬೀದಿ ಎಲ್ಲೆಲ್ಲಿದ್ಯೋ ಅಲ್ಲಿಗೆಲ್ಲ ಒಂದೊಂದು ಕಾಲು ಚಾಚಿಸಿದ್ದೀನಿ. ಮತ್ತೆ ಹಾರ್ಸ್ ಟ್ರೇಡಿಂಗು? ಕುದುರೆ ವ್ಯಾಪಾರವಾ?"

"ಕುದುರೆ ಅಲ್ಲ, ಸದಸ್ಯರ ವ್ಯಾಪಾರ."

ಚೆನ್ನರಾಯಪ್ಪ ತೊಡೆ ತಟ್ಟಿ ನಕ್ಕರು. ಎದುರು ಪಾರ್ಟಿಯ ಮೆಂಬರುಗಳನ್ನು ಊಟಿಯ ರೆಸಾರ್ಟಿನಲ್ಲಿ ಕೂಡಿಹಾಕಿ, ಫೋನು ಕಿತ್ತಿಟ್ಟುಕೊಂಡು, ಸೀದಾ ಅಧ್ಯಕ್ಷರ ಚುನಾವಣೆಗೇ ತಂದಿಳಿಸಿದ್ದನ್ನು ಒಬ್ಬೊಬ್ಬರ ಹೆಸರು ಹಿಡಿದು ವಿವರಿಸಿದರು. 'ಡಮ್ಮಿ ಕ್ಯಾಂಡಿಡೇಟ್' ಎಂದರೇನೆಂದು ಅವಳು ಹೇಳುವ ಮೊದಲೇ, ವಾರ್ಡಿನ ಎದುರಾಳಿ ಬಯ್ಯಪ್ಪನ ಓಟು ಒಡೆಯಲು ಇನ್ನೊಬ್ಬ ಬಯ್ಯಪ್ಪನನ್ನು ಎಲ್ಲಿಂದ ಹುಡುಕಿ ತಂದರೆಂಬುದೂ ಹೊರಬಂತು.

ಯಾಮಿನಿ ಮೇಜಿನ ಮೇಲಿನ ಫೋನಿನತ್ತ ನೋಡಿದಳು. "ಸಾರ್, ಇದೆಲ್ಲ ನನ್ನ ಹತ್ರ ಹೇಳೋದು ಪರವಾಗಿಲ್ವಾ?"

"ಹೇಳ್ದೆ ಹೆಂಗಮ್ಮ? ಉದಾಹರಣೆ ಇಲ್ದೆ ನನ್ನ ತಲೆಗೆ ಏನೂ ಹತ್ತಲ್ಲ."

"ಇಷ್ಟು ಸಾಕು ಸಾರ್," ಎಂದು ಅವಳು ಎದ್ದಳು. ಚೆನ್ನರಾಯಪ್ಪ ಅವಳನ್ನು ಗೇಟಿನವರೆಗೆ ಬಿಟ್ಟು ಬಂದರು. ಇಂಗ್ಲಿಷ್ ಇಷ್ಟು ಸಲೀಸೆಂದು ಗೊತ್ತಿದ್ದರೆ ಎಂದೋ ಕಲಿಯುತ್ತಿದ್ದೆ ಅನ್ನಿಸಿತು.

ಮಧ್ಯಾಹ್ನವಾಗುತ್ತಲೇ ಹೊಸ ಖಾದಿ ಜುಬ್ಬ ತೊಟ್ಟು, ಪತ್ರಿಕೆಯವರನ್ನು ಕಾಯುತ್ತ ಜಗಲಿಯಲ್ಲಿ ಕುಳಿತರು. ಗೇಟು ಕಿರುಗುಟ್ಟಿತು. ಕನ್ನಡಕದ ಹಿರಿಯರೊಬ್ಬರು ಬೆವರು ಒರೆಸಿಕೊಳ್ಳುತ್ತ ಒಳಬಂದರು. ಚೆನ್ನರಾಯಪ್ಪ ಎದ್ದು ನಿಂತು, ಎದೆಯುಬ್ಬಿಸಿ ಕೈ ಮುಗಿದರು.

"ಬನ್ನಿ ಸಾರ್, ಬನ್ನಿ. ಐ ಯಾಮ್ ದಿ ಇನ್‌ಕಂಬೆಂಟ್!"

"ಕ್ಷಮಿಸಿ ಸಾರ್, ಮಂಚೇನಹಳ್ಳಿ ಬಸ್ಸು ಕೆಟ್ಟು ನಿಂತುಬಿಡ್ತು," ಎಂದರು ಅವರು. "ಮೋಹನ್‌ಬಾಬು ಕಳ್ಸಿದ್ರು, ಇಂಗ್ಲಿಷ್ ಪಾಠಕ್ಕೆ."